ಕರಡಿಯನ್ನು ಕೊಂದು ಆಡಿನ ಮೇಲೆ ಹಾಕಿದ್ದು

ಆ ಪುಸ್ತಕದ ಒಂದಕ್ಷರವೂ ನನಗೆ ಓದಲು ಬರುತ್ತಿರಲಿಲ್ಲ. ಇಷ್ಟು ಹೇಳಲು ನನಗೆ ಹತ್ತಿರ ಹತ್ತಿರ ಅರವತ್ತು ವರ್ಷ ಹಿಡಿಯಿತು.

ಅರವತ್ತರ ದಶಕದ ಮೊದಲ ವರ್ಷಗಳು. ಮೆಟ್ರಿಕ್ ಮುಗಿಸಿ ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ಹಾಳೆ ಕತ್ತರಿಸುವ ಯಂತ್ರದ ಮೇಲೆ ಕೆಲಸಕ್ಕೆ ಸೇರಿದ್ದೆ. ಮದುವೆಯಾಗಿರಲಿಲ್ಲ. ಕೆಲಸಗಾರರ ಸಾಲುಮನೆಗಳಲ್ಲಿ ನನ್ನದೊಂದು ಖೋಲಿ. ಆ ಸಾಲಿನಲ್ಲಿ ಮೆಟ್ರಿಕ್ ಆದವನು ನಾನೊಬ್ಬನೇ. ಪತ್ರ ಓದಿಸಲು, ಅರ್ಜಿ ಬರೆಸಲು ಎಲ್ಲರೂ ನನ್ನ ಬಾಗಿಲಿಗೇ ಬರುತ್ತಿದ್ದರು. ಅದು ಸ್ವಲ್ಪ ತಲೆಗೇರಿತ್ತು.

ಒಮ್ಮೆ ಹಳಿಯಾಳದ ಸಂತೆಗೆ ಹೋದಾಗ ರದ್ದಿ ಅಂಗಡಿಯಲ್ಲಿ ಒಂದು ಚಿತ್ರದ ಪುಸ್ತಕ ಕಣ್ಣಿಗೆ ಬಿತ್ತು. ಅದರ ಲಿಪಿ ಕನ್ನಡವಲ್ಲ, ಮರಾಠಿಯಲ್ಲ, ಇಂಗ್ಲಿಷೂ ಅಲ್ಲ. ನಾನು ಕೊಂಡದ್ದು ಚಿತ್ರಕ್ಕಲ್ಲ, ಕಾಗದಕ್ಕೆ. ಕಾಗದ ಮಾಡುವ ನಮ್ಮ ದಾಂಡೇಲಿಯವರಿಗೆ ಅದೊಂದು ರೋಗ. ಮದುವೆಯ ಕರೆಯೋಲೆ ಕೈಗೆ ಬಂದರೂ ಮೊದಲು ಬೆರಳಲ್ಲಿ ತಿಕ್ಕಿ, ಬೆಳಕಿಗೆ ಹಿಡಿದು ನೋಡಿ, ಆಮೇಲೆ ಮದುವೆ ಯಾರದೆಂದು ಓದುವವರು. ಆ ಪುಸ್ತಕದ ಹಾಳೆ ದಪ್ಪ, ನುಣುಪು. ಕೊನೆಯ ಎರಡು ಹಾಳೆಗಳು ಮಾತ್ರ ತೇವ ಹಿಡಿದು ಅಂಟಿಕೊಂಡಿದ್ದವು.

ಪಕ್ಕದ ಮನೆಯಲ್ಲಿ ಆರು ವರ್ಷದ ಹುಡುಗಿಯೊಬ್ಬಳಿದ್ದಳು, ಅಂಗಳದಲ್ಲಿ ಅವರದೊಂದು ಆಡು. ಅವಳ ಅಪ್ಪ ನಮ್ಮ ಕಾರ್ಖಾನೆಯಲ್ಲೇ ಹರಿದ, ಕಲೆಯಾದ ಹಾಳೆಗಳನ್ನು ಆರಿಸಿ ತೆಗೆಯುವ ಕೆಲಸದಲ್ಲಿದ್ದರು. ನಾನು ಅವರನ್ನು ಭಾಯಿ ಎನ್ನುತ್ತಿದ್ದೆ. ಹುಡುಗಿ ಪುಸ್ತಕ ನೋಡಿದ್ದೇ ಕೇಳಿದಳು: “ಕಾಕಾ, ಇದು ನಿಮಗ ಓದಾಕ ಬರತೈತೇನ್ರಿ?”

“ಬರದ ಏನ? ಮೆಟ್ರಿಕ್ ಸುಮ್ನ ಆಗೇನೇನು?” ಎಂದುಬಿಟ್ಟೆ.

ಅಂದಿನಿಂದ ದಿನಾ ಸಂಜೆ ನನ್ನ ಕಟ್ಟೆಯ ಮೇಲೆ ಓದು. ಚಿತ್ರಗಳಲ್ಲಿ ಒಬ್ಬ ಮುದುಕಿ, ಒಂದು ಕರಡಿ, ಒಂದು ನೀಲಿ ಕೊಡೆ. ನಾನು ಅಕ್ಷರಗಳ ಕೆಳಗೆ ಗಂಭೀರವಾಗಿ ಬೆರಳಾಡಿಸುತ್ತ ಬಾಯಿಗೆ ಬಂದದ್ದನ್ನು ಓದುತ್ತಿದ್ದೆ. ಕರಡಿ ಅಣಶಿ ಕಾಡಿನದು, ಮುದುಕಿಯ ಕೊಡೆ ಕದ್ದ ಕಳ್ಳ. ಕದ್ದ ಕೊಡೆಯನ್ನು ತಲೆಕೆಳಗಾಗಿ ಹಿಡಿದು ಅದರಲ್ಲಿ ಜೇನು ತುಂಬಿಕೊಂಡು ಹೊರಟಿದೆ. ಹುಡುಗಿಗೆ ಕಳ್ಳನ ಮೇಲೆಯೇ ಪ್ರೀತಿ ಹುಟ್ಟಿತು. ದಿನಾ ಸಂಜೆ ಕರಡಿ ಊಟ ಮಾಡಿತೋ ಇಲ್ಲವೋ ವಿಚಾರಿಸಿಕೊಂಡೇ ಕೂರುತ್ತಿದ್ದಳು.

ಅಂಟಿದ ಹಾಳೆಗಳಿಗೆ ಮುಂಚೆ ಕಾಣುತ್ತಿದ್ದ ಕೊನೆಯ ಚಿತ್ರದಲ್ಲಿ ಕರಡಿ ಹಲಗೆಯ ಸೇತುವೆಯಿಂದ ಕಾಲು ಮೇಲಾಗಿ ಬೀಳುತ್ತಿತ್ತು. ಆ ದಿನ ನನಗೆ ಎರಡನೆಯ ಪಾಳಿ. ಕಾರ್ಖಾನೆಯ ಭೋಂಗಾ ಕೂಗುವ ಹೊತ್ತಾಗಿತ್ತೆಂದು ಮಧ್ಯಾಹ್ನವೇ ಓದಿ ಮುಗಿಸುವ ಅವಸರ. “ಕಾಳೀ ಹೊಳ್ಯಾಗ ಬಿತ್ತು, ಸತ್ತು ಹೋತು” ಎಂದು ಪುಸ್ತಕ ಮುಚ್ಚಿದೆ.

“ಕರಡಿಗೆ ಈಸಾಕ ಬರತೈತ್ರೀ ಕಾಕಾ.”

“ಇಲ್ಲೆ ಹಂಗ ಬರದಾರವ್ವಾ. ಸತ್ತತಂತ.”

ಅವಳು ಅಳಲಿಲ್ಲ. ಅಂಟಿದ ಹಾಳೆಗಳನ್ನು ಮುಟ್ಟಿ ನೋಡಿ, “ಇದರಾಗ ತಿರುಗಿ ಬರತಿರಬೇಕು” ಎಂದಳು. ಮರುದಿನ ಬೆಳಿಗ್ಗೆ ಬಂದು ಮತ್ತೆ ಅದನ್ನೇ ಹೇಳಿದಳು. ಅದರ ಮರುದಿನವೂ. ಊಟ ಅರ್ಧಕ್ಕೆ ಬಿಟ್ಟು ಏಳುತ್ತಾಳೆಂದು ಅವಳ ಅಜ್ಜಿ ನನ್ನನ್ನೇ ಬೈದರು.

ತಡೆಯಲಾರದೆ ಚಹಾದ ಕೆಟಲಿನ ಹಬೆಗೆ ಹಿಡಿದು, ಹಾಳೆಗಳನ್ನು ಮೆಲ್ಲಗೆ ಬಿಡಿಸಿದೆ. ಒಳಗಿನ ಚಿತ್ರದಲ್ಲಿ ಮುದುಕಿಯೂ ಕರಡಿಯೂ ಒಂದೇ ಮೇಜಿಗೆ ಕೂತು ಚಹಾ ಕುಡಿಯುತ್ತಿದ್ದರು. ಕರಡಿಯ ತಲೆಗೆ ಟವೆಲು ಸುತ್ತಿತ್ತು. ಕೊಡೆ ಮೂಲೆಯಲ್ಲಿ ಒಣಗುತ್ತಿತ್ತು.

ಓಡಿಹೋಗಿ ತೋರಿಸಬೇಕಿತ್ತು. ಆದರೆ ‘ಸತ್ತಿತೆಂದು ಬರೆದಿದ್ದಾರೆ’ ಎಂದು ಓದಿದವನು ನಾನು. ನನ್ನ ಮೆಟ್ರಿಕ್ಕಿನ ಗತಿಯೇನು? ಬುಡದಲ್ಲಿ ಮಡಚಿ, ಹೆಬ್ಬೆರಳ ಉಗುರಿನಿಂದ ಗೀರಿ, ಆ ಹಾಳೆಯನ್ನು ಹರಿದು ಟ್ರಂಕಿನಲ್ಲಿಟ್ಟೆ. ಅಂದು ನನಗೆ ರಜೆ; ಸಂಜೆ ಹುಡುಗಿ ಬಂದಾಗ, “ಅಂಟಿದ ಹಾಳಿ ಬಿಡಲೆಂತ ಬಿಸಲಿಗೆ ಇಟ್ಟಿದ್ನಿ. ನಿಮ್ಮ ಆಡು ತಿಂದತಿ” ಎಂದೆ.

ಆ ಆಡಿಗೆ ಮೊದಲೇ ಹೆಸರು ಕೆಟ್ಟಿತ್ತು. ಹಿಂದಿನ ವಾರ ಅಜ್ಜಿಯ ಹೊಸ ಸೆರಗನ್ನು ಅಗಿದಿತ್ತು. “ಆತು, ಬರೂ ಸಂತಿಗೆ ಇದನ್ನ ಹಳಿಯಾಳಕ್ಕ ಹೊಡದು ಮಾರ್ರಿ” ಎಂದು ಅಜ್ಜಿ ತೀರ್ಪು ಕೊಟ್ಟರು. ಹುಡುಗಿ ಆಡಿನ ಕೊರಳು ತಬ್ಬಿಕೊಂಡು ನಿಂತಳು. ನಾನು ನನ್ನ ಚಹಾ ಕುಡಿದೆ.

ಭಾಯಿ ಕೆಲಸ ಮುಗಿಸಿ ಬಂದವರು ಪುಸ್ತಕ ತೆಗೆದುಕೊಂಡು, ಬುಡದಲ್ಲಿ ಉಳಿದ ಅಂಚನ್ನು ಬೆಳಕಿಗೆ ಹಿಡಿದರು. ದಿನಕ್ಕೆ ಸಾವಿರಾರು ಅಂಚು ನೋಡುವ ಕಣ್ಣು ಅದು. ಕಾಗದಕ್ಕೂ ಕಟ್ಟಿಗೆಯ ಹಾಗೆ ಎಳೆ ಇರುತ್ತದೆ. ಎಳೆಯ ಗುಂಟ ಮಡಚಿ ಗೀರಿ ಹರಿದರೆ ದಾರ ಹಿಡಿದ ಹಾಗೆ ನೇರ ಬರುತ್ತದೆ. ಕಾರ್ಖಾನೆಯವರು ಮಾತ್ರ ಹಾಗೆ ಹರಿಯುತ್ತಾರೆ.

“ಏನ್ ಶಾಣ್ಯಾ ಆಡಲೇ ಇದು!” ಎಂದರು ಭಾಯಿ. “ಎಳಿ ನೋಡೇತಿ, ಮಡಚೇತಿ, ಉಗುರಲೆ ಗೀರೇತಿ, ಆಮ್ಯಾಲೆ ತಿಂದೇತಿ. ತಮ್ಮಾ, ಇದಕ್ಕ ನಿಮ್ಮ ಕಟಿಂಗ್ ಖಾತೇದಾಗ ಒಂದು ನೌಕರಿ ಕೊಡಸೋ.”

“ಭಾಯಿ, ಅದು...” ಎಂದೆ.

“ನನ್ನ ಮುಂದ ಹೇಳಬ್ಯಾಡ. ಸಂತಿ ನಾಳೆ ಐತಿ” ಎಂದು ಪುಸ್ತಕ ನನ್ನ ಕೈಗಿಟ್ಟು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಆಡಿನ ಕೊರಳಿಗೆ ಹೊಸ ಹಗ್ಗ ಬಿದ್ದಿತ್ತು. ಹುಡುಗಿ ಅದಕ್ಕೆ ತನ್ನ ರೊಟ್ಟಿಯನ್ನು ಮುರಿದು ತಿನ್ನಿಸುತ್ತಿದ್ದಳು. ನಾನು ಟ್ರಂಕು ತೆಗೆದು ಹಾಳೆಯನ್ನು ತಂದು ಅವಳ ಮುಂದೆ ಹಿಡಿದೆ. ಅವಳು ಹಾಳೆ ಕಿತ್ತುಕೊಂಡು ನೋಡಿದಳು.

“ಚಾ ಕುಡ್ಯಾಕತ್ತೇತಿ!” ಎಂದಳು. ಆಮೇಲೆ, “ಎಲ್ಲಿತ್ರೀ ಕಾಕಾ?”

“ನನ್ನ ಟ್ರಂಕಿನ್ಯಾಗ.”

“ಆಡು ಟ್ರಂಕ್ ತಗದಿತ್ತೇನ್ರಿ?”

“ಇಲ್ಲವಾ. ನಾನ ಹರದಿದ್ನಿ.”

ಯಾಕೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ಓದಲು ಬಾರದ ಸಂಗತಿಯೂ ಅಂದೇ ಹೊರಬೀಳುತ್ತಿತ್ತೇನೋ. ಅವಳು ಶಿಕ್ಷೆ ಮಾತ್ರ ವಿಧಿಸಿದಳು: “ಆಡಿನ ಮುಂದ ಕಿವಿ ಹಿಡ್ಕೊಂಡು ಬಸ್ಕಿ ಹೊಡೀರಿ.”

ಹೊಡೆದೆ. ಇಪ್ಪತ್ತೆರಡರ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಮೊದಲ ಪಾಳಿಗೆ ಹೊರಟ ಅರ್ಧ ಸಾಲು ಬುತ್ತಿ ಹಿಡಿದು ನೋಡುತ್ತ ನಿಂತಿತ್ತು. “ಸರಿಯಾಗಿ ಕುಂದರೋ ಮೆಟ್ರಿಕ್!” ಎಂದು ಯಾರೋ ಕೂಗಿದರು. ಹುಡುಗಿ ಎಣಿಸುತ್ತಿದ್ದಳು. ಅವಳಿಗೆ ಹತ್ತರ ಮುಂದೆ ಬರುತ್ತಿರಲಿಲ್ಲ, ಹಾಗಾಗಿ ಹತ್ತಾದ ಮೇಲೆ ಮತ್ತೆ ಒಂದರಿಂದ ಶುರು ಮಾಡಿದಳು. ಅಜ್ಜಿ ಬಾಗಿಲಿಗೆ ಬಂದು ಸಂಗತಿ ಕೇಳಿ, ನಗು ತಡೆಯಲು ಸೆರಗನ್ನು ಬಾಯಿಗೊತ್ತಿಕೊಂಡು, ಆಡಿನ ಹಗ್ಗ ತಾವೇ ಬಿಚ್ಚಿ ಒಳಗೆ ಹೋದರು.

ಎರಡನೆಯ ಸಲದ ಏಳಕ್ಕೆ ಬಂದಿದ್ದೆವು. ಹುಡುಗಿ ಕೈಯಲ್ಲಿ ಹಾಳೆ ಜೋತುಬಿದ್ದಿತ್ತು. ಬಿಡುಗಡೆಯಾದ ಆಡು ಕೊರಳು ಚಾಚಿ ಅದರ ಒಂದು ಮೂಲೆಯನ್ನು, ಕೊಡೆ ಒಣಗುತ್ತಿದ್ದ ಮೂಲೆಯನ್ನೇ, ಕರ್‍ರನೆ ಕಚ್ಚಿ ಅಗಿಯತೊಡಗಿತು.

ಹುಡುಗಿ ಹಾಳೆಯನ್ನು ಬೆನ್ನ ಹಿಂದೆ ಮುಚ್ಚಿಕೊಂಡು ನನ್ನನ್ನು ನೋಡಿದಳು. ಅಷ್ಟರಲ್ಲಿ ಅಜ್ಜಿ ಮತ್ತೆ ಹೊರಗೆ ಬಂದರು. “ಏನದು ಸಪ್ಪಳ? ಹಾಳಿ ತೋರಸ” ಎಂದು ಅವಳ ಕೈಯಿಂದ ಹಾಳೆ ತೆಗೆದುಕೊಂಡರು. “ಈ ಮೂಲಿ ಯಾರು ಹರದ್ರು?”

“ಕಾಕಾ ಹರದ್ರು” ಎಂದಳು ಹುಡುಗಿ, ಕಣ್ಣು ಪಿಳುಕಿಸದೆ.

ಆಡು ಅಗಿಯುತ್ತಲೇ ಇತ್ತು. ನಾನು ಕಿವಿ ಹಿಡಿದೇ ಇದ್ದೆ.

“ಹೌದ್ರೀ ಅಮ್ಮಾ. ನಾನ ಹರದ್ನಿ” ಎಂದೆ.

ಈ ಒಂದು ಸುಳ್ಳಿಗೆ ಮಾತ್ರ ನಾನು ಇವತ್ತಿಗೂ ತಪ್ಪು ಒಪ್ಪಿಕೊಳ್ಳುವವನಲ್ಲ.