ಎಷ್ಟು ಜೋಡಿ ಕಾಲು?

ಅವರ ಬಲಗೈ ತೋರುಬೆರಳಿಗೆ ತುದಿ ಇರಲಿಲ್ಲ. ಭದ್ರಾವತಿಯ ಕಾರ್ಖಾನೆಯಲ್ಲಿ ಲೇತ್ ಯಂತ್ರ ತಿಂದುಹಾಕಿತ್ತು. ಆ ಮೋಟು ಬೆರಳಿನ ಮೇಲೆ ರೈಲುಹುಳವನ್ನು ಹತ್ತಿಸಿಕೊಂಡು, ಸ್ಕ್ರೂವಿನ ಸುತ್ತು ಎಣಿಸಲು ಬಳಸುತ್ತಿದ್ದ ಭೂತಗನ್ನಡಿಯಲ್ಲಿ ನೋಡುತ್ತ ಕೂರುತ್ತಿದ್ದರು. ಜನ್ನಾಪುರದಲ್ಲಿ ನಮ್ಮ ಪಕ್ಕದ ಮನೆಯವರು. ನಾನು ಭಾಯ್ ಎನ್ನುತ್ತಿದ್ದೆ.

ಹಿತ್ತಲ ಗೋಡೆಯ ಪಕ್ಕ ಅವರು ಒಣಗಿದ ಎಲೆ ರಾಶಿ ಹಾಕಿದ್ದರು. ನಾನು ಯಾವ ಹುಳ ತೋರಿಸಿದರೂ ಮೊದಲು ಕೇಳುತ್ತಿದ್ದುದು, "ಎಷ್ಟು ಜೋಡಿ?"

"ನೂರಾರು ಕಾಲು ಭಾಯ್, ಯಾರು ಎಣಿಸ್ತಾರೆ?"

"ಎಲ್ಲಾ ಯಾಕೆ ಎಣಿಸ್ತೀಯ ಮಾರಾಯ? ಒಂದು ಗೆಣ್ಣು ನೋಡು ಸಾಕು. ಎರಡು ಜೋಡಿ ಇದ್ರೆ ರೈಲುಹುಳ, ಬೇಚಾರಾ, ಎಲೆ ತಿನ್ಕೊಂಡಿರುತ್ತೆ. ಒಂದೇ ಜೋಡಿ ಇದ್ರೆ ಜರಿ, ಕಚ್ಚುತ್ತೆ. ಕೈ ಹಿಂದಕ್ಕೆ ತಗೋ."

ಒಂದು ಬೆಳಿಗ್ಗೆ ನನ್ನ ಹೆಂಡತಿಯ ಕಾಲಿಗೆ ಏನೋ ಕಚ್ಚಿ ಪಾದ ಬಾತುಕೊಂಡಿತು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಂದು ಹುಳ ಸಿಕ್ಕಿತು. ಚಪ್ಪಲಿಯಿಂದ ಹೊಡೆದು, ಗೋಡೆಯ ಮೇಲಿಟ್ಟು ಕೂಗಾಡಿದೆ. "ನೋಡಿ, ನಿಮ್ಮ ಎಲೆರಾಶಿ ಸಾಕಿದ್ದು!"

ಭಾಯ್ ಭೂತಗನ್ನಡಿ ಹಿಡಿದು ನೋಡಿದರು. "ಎರಡು ಜೋಡಿ. ಇದು ಕಚ್ಚೋದಲ್ಲ. ನಿನ್ ಮನೆ ಒಳಗೇ ಹುಡುಕು."

"ನಮ್ಮನೆ ಗಲೀಜು ಅಂತೀರಾ?"

ಅವರು ಭೂತಗನ್ನಡಿ ಜೇಬಿಗಿಳಿಸಿ ಒಳಗೆ ಹೋದರು. ಶುಕ್ರವಾರ ಅವರು ನಮಾಜಿಗೆ ಹೋದಾಗ ಗೋಡೆಯ ಮೇಲಿಂದ ಆ ರಾಶಿಯ ಮೇಲೆ ಒಂದು ಪೊಟ್ಟಣ ವಿಷದ ಪುಡಿ ಸುರಿದೆ. ವಾಪಸು ಬಂದವರು ಸತ್ತ ಹುಳಗಳ ಮುಂದೆ ಬಹಳ ಹೊತ್ತು ಕುಕ್ಕರುಗಾಲಿನಲ್ಲಿ ಕೂತಿದ್ದರು. ಬೈಯಲಿಲ್ಲ. "ಒಂದು ಮಾತು ಹೇಳಿದ್ರೆ ನಾನೇ ತೆಗೀತಿದ್ನಲ್ಲ ಮಾರಾಯ" ಎಂದರು, ಅಷ್ಟೆ.

ಎಂಟು ದಿನದ ಮೇಲೆ ನಮ್ಮ ಬಚ್ಚಲ ಬಾಗಿಲಿನ ಗೋಣಿಚೀಲ ಎತ್ತಿದಾಗ ಕೆಂಪನೆಯ ಜರಿ ಸರ್ರನೆ ಓಡಿತು. ಹೊಡೆದು ನೋಡಿದೆ. ಗೆಣ್ಣಿಗೆ ಒಂದೇ ಜೋಡಿ.

"ಹೋಗಿ ಭಾಯ್‌ಗೆ ಹೇಳ್ಬನ್ನಿ. ನಾಲಿಗೆ ಏನೂ ಸವೆದು ಹೋಗಲ್ಲ" ಎಂದಳು ಹೆಂಡತಿ. ನಾನು ಜರಿಯನ್ನು ಚರಂಡಿಗೆ ಎಸೆದು ಕೈ ತೊಳೆದುಕೊಂಡೆ.

ಮರುವರ್ಷ ಅವರು ಶಿವಮೊಗ್ಗದ ಗೋಪಾಳಕ್ಕೆ, ಮಗಳ ಮನೆಗೆ ಹೊರಟರು. ಹೋಗುವ ದಿನ ಗೋಡೆಯ ಹತ್ತಿರ ಕರೆದು ಭೂತಗನ್ನಡಿ ಕೊಟ್ಟರು. "ನಂಗೆ ಇನ್ನು ಕಣ್ಣು ಕಾಣಲ್ಲ. ನೀನು ನೋಡ್ತಿರು." ಆಗಲೂ ಬಾಯಿ ಬಿಡಲಿಲ್ಲ ನಾನು. ಬಸ್ಸು ಹತ್ತಿದರೆ ಗೋಪಾಳವೇನೂ ದೂರವಲ್ಲ. ಮುಂದಿನ ವಾರ, ಮುಂದಿನ ವಾರ ಎನ್ನುತ್ತಲೇ ಇದ್ದೆ. ಕೊನೆಗೆ ಹೋದದ್ದು ಅವರ ಮಣ್ಣಿಗೆ. ತಲೆಗೆ ಕರವಸ್ತ್ರ ಕಟ್ಟಿಕೊಂಡು ಹಿಂದಿನ ಸಾಲಿನಲ್ಲಿ ನಿಂತೆ. ಮುಖ ನೋಡುವ ಧೈರ್ಯವಾಗಲಿಲ್ಲ.

ಈಗ ಗೋಡೆಯ ಈಚೆ, ನನ್ನ ಹಿತ್ತಲಲ್ಲಿ, ಎಲೆ ರಾಶಿ ಹಾಕಿದ್ದೇನೆ. ಇವತ್ತು ಕರಿಬೇವಿನ ಬುಡದಲ್ಲಿ ಒಂದು ಹುಳ ಸಿಕ್ಕಿತು. ಬೆರಳಿಗೆ ಹತ್ತಿಸಿಕೊಂಡು ಅವರ ಭೂತಗನ್ನಡಿ ಹಿಡಿದೆ. ನನ್ನ ಕಣ್ಣೂ ಮಂಜಾಗಿದೆ, ಎರಡು ಸಲ ನೋಡಬೇಕಾಯಿತು.

"ಎರಡು ಜೋಡಿ ಭಾಯ್" ಎಂದೆ ಗೋಡೆಯ ಕಡೆಗೆ. "ಅವತ್ತು ಕಚ್ಚಿದ್ದು ನಮ್ಮನೆಯದ್ದೇ."