ಭಂಡಾರ ಮುಟ್ಟದ ಓಟು

ನಮ್ಮ ಸೋದರತ್ತೆಯ ಯಾವ ಸೀರೆಗೂ ಸೆರಗಿನ ತುದಿ ನೆಟ್ಟಗಿರುತ್ತಿರಲಿಲ್ಲ. ಹಲ್ಲಲ್ಲಿ ಕಚ್ಚಿ ಕಚ್ಚಿ ಎಳೆ ಬಿಟ್ಟಿರುತ್ತಿತ್ತು. ಹೆದರಿಕೆಯಾದಾಗೆಲ್ಲ ಸೆರಗು ಬಾಯಿಗೆ ಹೋಗುತ್ತಿತ್ತು. ಹೆದರಿಕೆಗೇನು ಬರವೇ? ಕಾಲುವೆಗೆ ನೀರು ಬರದಿದ್ದರೆ ಹೆದರಿಕೆ, ಬಂದರೆ ಹಾವಿನ ಹೆದರಿಕೆ, ಸಿಂಧನೂರಿನ ಬಸ್ಸು ತಡವಾದರಂತೂ ಕೇಳುವುದೇ ಬೇಡ. ತಾಯಿಯಿಲ್ಲದ ನನ್ನನ್ನು ಬಳಗಾನೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಕೂಲಿ ಮಾಡಿ ಸಾಕಿದವಳು ಆಕೆ. "ಅಂಜಿದಾಕಿ ಉಳೀತಾಳ" ಎನ್ನುವುದು ಆಕೆಯ ವೇದಾಂತ. ಅದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇಪ್ಪತ್ತೊಂದಕ್ಕಿದ್ದ ಓಟನ್ನು ಸರ್ಕಾರ ಹದಿನೆಂಟಕ್ಕೆ ಇಳಿಸಿತಲ್ಲ, ಆ ಮೊದಲ ಚುನಾವಣೆಗೆ ನನಗೆ ಹತ್ತೊಂಬತ್ತು. ನನಗೂ ಓಟು ಬಂತೆಂದು ಓಣಿಯೆಲ್ಲ ಹೇಳಿಕೊಂಡು ತಿರುಗಿದೆ. ಅತ್ತೆ ಸೆರಗು ಕಚ್ಚಿದಳು.

"ಇಷ್ಟು ದಿನ ನೀ ಅವರ ಕಣ್ಣಿಗೆ ಬಿದ್ದಿದ್ದಿಲ್ಲ ಬೇ. ಇನ್ನ ಬೀಳ್ತಿ."

ಅವರು ಅಂದರೆ ಸಾಹುಕಾರರು. ನಮ್ಮ ಓಣಿಗೆಲ್ಲ ಅವರ ಗದ್ದೆಯಲ್ಲೇ ಕೂಲಿ. ಚುನಾವಣೆ ಬಂತೆಂದರೆ ಅವರ ಕಾರಭಾರಿ ತಾಟಿನಲ್ಲಿ ದೇವರ ಭಂಡಾರ ಹಿಡಿದು ಮನೆಮನೆಗೆ ಬರುತ್ತಿದ್ದ. ಆ ಅರಿಶಿನ ಮುಟ್ಟಿ, ಅವರು ಹೇಳಿದವರಿಗೇ ಓಟು ಹಾಕುತ್ತೇವೆಂದು ಆಣೆ ಮಾಡಬೇಕು. ಮುಟ್ಟದವರಿಗೆ ಮರುದಿನದಿಂದ ಕೂಲಿ ಇಲ್ಲ. ಮುಟ್ಟಿ ತಪ್ಪಿದವರನ್ನು ದೇವರು ಬಿಡುವುದಿಲ್ಲ. ಅತ್ತೆಗೆ ಸಾಹುಕಾರರಿಗಿಂತ ದೇವರ ಭಯವೇ ದೊಡ್ಡದು.

ಭತ್ತದ ಕೊಯ್ಲು ನಡೆದಿದ್ದಾಗ ಕಾರಭಾರಿ ಬಂದ. ಅತ್ತೆ ಭಂಡಾರ ಮುಟ್ಟಿ ಆಣೆ ಮಾಡಿದಳು. ತಾಟು ನನ್ನ ಕಡೆ ತಿರುಗಿತು.

"ಈ ಸಲ ಹದಿನೆಂಟು ತುಂಬಿದೋರೂ ಮುಟ್ಟಬೇಕವಾ."

ಆಗ ಅತ್ತೆ ಅಡ್ಡ ಬಂದಳು. "ಬ್ಯಾಡ್ರಿ, ಬ್ಯಾಡ್ರಿ! ಆಕಿ ಕಡಿಗಾಗ್ಯಾಳ್ರಿ!"

ಮುಟ್ಟಾದ ಹೆಣ್ಣಿನ ನೆರಳೂ ಭಂಡಾರದ ಮೇಲೆ ಬೀಳಬಾರದು. ಅವನು ತಾಟನ್ನು ಎದೆಗವಚಿಕೊಂಡು ಹಿಂದೆ ಸರಿದ.

ನಾನು ಮುಟ್ಟಾಗಿರಲಿಲ್ಲ.

ಅವನು ಓಣಿ ದಾಟಿದ ಮೇಲೆ ಅತ್ತೆ ದೇವರ ಜಗಲಿಯ ಮುಂದೆ ಕುಸಿದು ಗಲ್ಲ ಗಲ್ಲ ಬಡಿದುಕೊಂಡಳು. "ತಪ್ಪಾತು ನಮ್ಮಪ್ಪಾ. ಹುಡುಗಿಗೇನೂ ಮಾಡಬ್ಯಾಡ, ನನಗ ಮಾಡು." ಆಮೇಲೆ ಯಾರಾದರೂ ನೋಡಿಯಾರೆಂದು ನನ್ನನ್ನು ಅಂಗಳದ ಮೂಲೆಯಲ್ಲಿ ಕೂಡಿಸಿ, ದೂರದಿಂದಲೇ ರೊಟ್ಟಿ ಹಾಕಿದಳು. ಇಷ್ಟು ಅಂಜುವವಳು ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ.

"ನಮ್ಮಪ್ಪ ಮುಟ್ಟಿದ, ನನ್ನ ಗಂಡ ಮುಟ್ಟಿದ, ನಾನೂ ಮುಟ್ಟಿದೆ. ಮನಿಯಾಗ ಒಬ್ಬಾಕಿಯಾದ್ರೂ ಮನಸಿಗೆ ಬಂದಂಗ ಹಾಕಲಿ."

ಮೂರನೆಯ ದಿನವೇ ಓಟು. ಓಟು ಹಾಕುವ ಶಾಲೆಯ ಹಾದಿಯಲ್ಲಿ ಕಾರಭಾರಿ ನಿಂತಿದ್ದ. "ಕಡಿಗಾದಾಕಿ ಇಲ್ಲಿಗೆ ಹೆಂಗ ಬಂದಿ?" ಎಂದ. "ಸರ್ಕಾರದ ಡಬ್ಬಿಗೆ ಮೈಲಿಗಿ ಇಲ್ಲಂತ್ರಿ," ಎಂದಳು ಅತ್ತೆ. ಸಾಲಿನಲ್ಲಿದ್ದವರು ನಕ್ಕರು. ನನ್ನ ಕೈ ಹಿಡಿದು ಮುಂದೆ ನಡೆಯುತ್ತಲೇ ಆಕೆ ಸೆರಗು ಕಚ್ಚಿದಳು.

ಆಕೆ ಆಣೆ ಮಾಡಿದವರಿಗೇ ಹಾಕಿದಳು. ನಾನು ನನಗೆ ಬೇಕಾದವರಿಗೆ ಹಾಕಿದೆ. ಬರುವಾಗ ಯಾರಿಗೆಂದು ಹೇಳಲು ಹೋದರೆ ನನ್ನ ಬಾಯಿ ಮುಚ್ಚಿದಳು. "ಹೇಳಬ್ಯಾಡ. ಅವರು ಕೇಳಿದ್ರ ಇನ್ನೊಂದು ಸುಳ್ಳು ನನ್ನ ಕೈಲಿ ಆಗಂಗಿಲ್ಲ."

ಅಲ್ಲಿಂದ ಮುಂದೆ ನನಗೆ ನೆಗಡಿಯಾದರೂ ಆಕೆ ದೇವರಿಗೆ ಹರಕೆ ಹೊರುತ್ತಿದ್ದಳು. ಮಸ್ಕಿಯ ಕಡೆ ನನ್ನ ಮದುವೆಯಾಯಿತು, ಮಕ್ಕಳಾದವು. ಆ ಹೆದರಿಕೆ ಮಾತ್ರ ಆಕೆಯನ್ನು ಬಿಡಲಿಲ್ಲ.

ಕೆಲವು ವರ್ಷಗಳ ಮೇಲೆ ಆಕೆಯ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು ಸಿಂಧನೂರಿನ ಡಾಕ್ಟರು. ಅದು ಬರೀ ರೋಗ, ಆವತ್ತಿನ ಸುಳ್ಳಿಗೆ ದೇವರು ಕೊಟ್ಟ ಶಿಕ್ಷೆಯಲ್ಲ ಎಂದು ನಾನು ಅಳುತ್ತಾ ಎಷ್ಟು ಹೇಳಿದರೂ ಆಕೆ ಕೇಳಲೊಲ್ಲಳು.

"ನೋಡಿದೇನ? ನಿನಗ ಬರಲಿಲ್ಲ. ನನಗ ಬಂತು," ಎಂದಳು.

ಅಷ್ಟೂ ವರ್ಷಗಳಲ್ಲಿ ಆಕೆಯ ಮುಖದ ಮೇಲೆ ಹೆದರಿಕೆ ಇಲ್ಲದ್ದನ್ನು ನಾನು ಕಂಡದ್ದು ಆವತ್ತೊಂದೇ ದಿನ.