ಮಾವಿನ ಮರದ ಮೇಲಿಂದ ಹೋದ ಚೆಂಡು

ನಮ್ಮೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಯಂತ್ರಕ್ಕೆ ಎಣ್ಣೆ ಹಾಕುವ ಕೆಲಸ ನಿಕಾಸಿಯೊನದು. ಭಾನುವಾರ ಕಾರ್ಖಾನೆಯ ಬೇಸ್‌ಬಾಲ್ ತಂಡಕ್ಕೆ ಕ್ಯಾಚರ್, ಬ್ಯಾಟು ಬೀಸುವವನ ಹಿಂದೆ ಕೂತು ಚೆಂಡು ಹಿಡಿಯುವವನು. ಕುಕ್ಕರಗಾಲಲ್ಲಿ ಕೂತು ಕೂತು ಮಂಡಿಗಳು ಅವನಿಗಿಂತ ಮೊದಲೇ ಮುದಿಯಾಗಿದ್ದವು. ಚೆಂಡು ಹಿಡಿಯುವುದರಲ್ಲಿ ಗಟ್ಟಿಗ, ಬ್ಯಾಟು ಹಿಡಿದರೆ ಸಾಧಾರಣ. ಬೇಲಿಯಾಚೆ ಹೊಡೆದು ಹೋಂ ರನ್ ಮಾಡಿದವರ ಹೆಸರನ್ನು ಮೈದಾನದ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸುತ್ತಾರೆ. ಅಲ್ಲಿ ತನ್ನ ಹೆಸರೂ ಇರಬೇಕು, ಅವನಿಗೆ ಅದೊಂದೇ ಆಸೆ.

ಎಡಗಡೆಯ ಬೇಲಿಗೆ ಒಂದು ಮಾವಿನ ಮರ ವಾಲಿಕೊಂಡಿದೆ. ಕಾಯಿ ಬಿಡುವ ಮರವನ್ನು ಕಡಿಯಲು ಯಾರಿಗೂ ಮನಸ್ಸಿಲ್ಲ. ಹಾಗಾಗಿ ಆಟಕ್ಕೆ ಮೊದಲು ಎರಡೂ ತಂಡದ ನಾಯಕರು ಅಂಪೈರನೊಂದಿಗೆ ಮರದ ಬುಡಕ್ಕೆ ಹೋಗಿ ಕೈಕುಲುಕಿ ಬರುತ್ತಾರೆ. ಒಪ್ಪಂದ ಇಷ್ಟು: ಚೆಂಡು ಒಂದು ಎಲೆಗೆ ತಗಲಿದರೂ ಹೊಡೆದವನಿಗೆ ನಾಲ್ಕರಲ್ಲಿ ಎರಡೇ ಬೇಸ್, ಅರ್ಧ ದಾರಿಯಲ್ಲಿ ನಿಲ್ಲಬೇಕು. ಮುಟ್ಟದೆ ದಾಟಿದರೆ ಹೋಂ ರನ್.

ನಿಕಾಸಿಯೊ ಜೀವಮಾನದಲ್ಲಿ ಒಂದು ಸಲ ಅಷ್ಟು ದೂರ ಹೊಡೆದ. ಚೆಂಡು ಮರದ ನೆತ್ತಿಯ ಮೇಲಿಂದಲೋ ನೆತ್ತಿಯೊಳಗಿಂದಲೋ ಹೋಗಿ ಆಚೆಯ ಕಬ್ಬಿನಲ್ಲಿ ಬಿತ್ತು. ಅದೇ ಗಳಿಗೆಗೆ ಒಂದು ಎಳೆಗಾಯಿಯೂ ಉದುರಿತು. ಅಂಪೈರ್ ಕಾಯಿ ನೋಡಿ ಎರಡು ಬೆರಳು ಎತ್ತಿಬಿಟ್ಟ. ಚೆಂಡು ಸಿಕ್ಕಿದ್ದರೆ ಸೊನೆಯ ಕಲೆ ಇದೆಯೋ ಇಲ್ಲವೋ ನೋಡಬಹುದಿತ್ತು. ಸಿಗಲಿಲ್ಲ.

ಅಲ್ಲಿಂದ ಶುರುವಾದ ವಾದ ಊರ ನಡುವಿನ ಉದ್ಯಾನದಲ್ಲಿ, ನನ್ನ ಕಾಫಿ ಗಾಡಿಯ ಎದುರಿನ ಬೆಂಚಿನ ಮೇಲೆ ವರ್ಷಗಟ್ಟಲೆ ನಡೆಯಿತು. ತಗಲಿತ್ತು ಎನ್ನುವವರಿಗೆ ಕ್ಷೌರದ ಎವೆಲಿಯೊ ಮುಖಂಡ. ಏಪ್ರಿಲ್‌ನ ಕಾಯಿ ನೊಣ ಕೂತರೂ ಬೀಳುತ್ತದೆ ಎಂದು ನಿಕಾಸಿಯೊ ಹೇಳಿದರೆ, ಹಾಗಾದರೆ ಆ ನೊಣವನ್ನೇ ಸಾಕ್ಷಿಗೆ ಕರೆತಾ ಎಂದು ಎವೆಲಿಯೊ ಹೇಳುತ್ತಿದ್ದ. ನಿನ್ನ ಕಣ್ಣು ಅವತ್ತು ಆಟದ ಮೇಲಿತ್ತೋ ಕಾಯಿಯ ಮೇಲಿತ್ತೋ ಎಂದು ನಿಕಾಸಿಯೊ ಕೆಣಕುತ್ತಿದ್ದ. ಬೈದಾಡಿದ ಮೇಲೂ ನಿಕಾಸಿಯೊನ ಕೂದಲು ಕತ್ತರಿಸುತ್ತಿದ್ದವನು ಎವೆಲಿಯೊನೇ.

ಹೋದ ಬೇಸಿಗೆಯಲ್ಲಿ ಗೋಡೆಗೆ ಹೊಸ ಬಣ್ಣ ಬಳಿಯುವುದೆಂದಾಯಿತು. ಆ ಹೊತ್ತಿಗೆ ನಿಕಾಸಿಯೊ ಆಸ್ಪತ್ರೆಯಿಂದ ಬಂದಿದ್ದ. ಅಂಗಿ ಮೈಮೇಲೆ ನೇತಾಡುತ್ತಿತ್ತು. ವೈದ್ಯರು ಏನು ಹೇಳಿದ್ದಾರೆಂದು ಊರಿಗೆಲ್ಲ ಗೊತ್ತು. ಅವನು ಬೆಂಚಿಗೆ ಬಂದು ಕೂತದ್ದೇ ತಡ, ಎವೆಲಿಯೊ ಎದ್ದು ನಿಂತು, ಚೆಂಡು ಮರ ದಾಟಿತ್ತು, ಇವನ ಹೆಸರು ಬರೆಸೋಣ ಎಂದ. ಎಲ್ಲರೂ ತಲೆಯಾಡಿಸಿದರು. ಒಬ್ಬನಾದರೂ ಅಡ್ಡ ಮಾತಾಡಲಿಲ್ಲ.

ನಿಕಾಸಿಯೊ ಕಾಫಿ ಕುಡಿದು ಮುಗಿಸಿದ.

"ಎವೆಲಿಯೊ, ಎಲ್ಲಿಂದ ದಾಟ್ತು?"

"ಈಗ ಅದೆಲ್ಲ ಯಾಕೆ ಮಾರಾಯ. ಹೆಸರು ಬಂದ್ರೆ ಸಾಕಲ್ಲ."

"ನಾನು ಸಾಯ್ತೀನಿ ಅಂತ ಚೆಂಡು ಮರ ದಾಟಿಬಿಡ್ತಾ? ನೀನು ಕಂಡದ್ದನ್ನ ಹೇಳು."

ಎವೆಲಿಯೊ ನೆಲ ನೋಡಿದ. ಆಮೇಲೆ, "ತಗಲ್ತು ಕಣೋ. ಮೇಲಿನ ಕೊಂಬೆ ಅಲ್ಲಾಡಿದ್ದು ನಾನೇ ನೋಡ್ದೆ," ಎಂದ.

"ಹಾಂ. ಈಗ ಕೂತ್ಕೋ. ಆ ಕೊಂಬೆ ಯಾವುದು ಅಂತ ಹೇಳು ನೋಡೋಣ, ಕುರುಡ."

ಮಧ್ಯಾಹ್ನದವರೆಗೂ ವಾದ ನಡೆಯಿತು. ನಿಕಾಸಿಯೊ ಅಷ್ಟು ಚೆನ್ನಾಗಿ ವಾದಿಸಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ದನಿ ಸೋತಾಗ ನೀರು ಕೇಳಿ ಕುಡಿದು ಮತ್ತೆ ಶುರುಮಾಡುತ್ತಿದ್ದ. ಕೊನೆಗೆ ಕೈ ಎತ್ತಿಸಿದರು. ತಗಲಿತ್ತು ಎನ್ನುವ ಕಡೆಗೇ ಹೆಚ್ಚು ಕೈ. ಬಣ್ಣದವನು ಹಳೆಯ ಹೆಸರುಗಳನ್ನಷ್ಟೇ ಮತ್ತೆ ಬರೆದು ಹೋದ. ಕತ್ತೆಗಳ ಕೈಲಿ ಮತ ಹಾಕಿಸಿದರೆ ಹೀಗೇ ಆಗುವುದು ಎಂದು ನಿಕಾಸಿಯೊ ಮನೆಯವರೆಗೂ ಗೊಣಗಿಕೊಂಡು ಹೋದನಂತೆ. ಅವನನ್ನು ತೋಳು ಹಿಡಿದು ಕರೆದೊಯ್ದವನು ಎವೆಲಿಯೊ.

ಮಳೆಗಾಲ ಮುಗಿಯುವ ಮುಂಚೆ ನಿಕಾಸಿಯೊ ತೀರಿಕೊಂಡ. ಸ್ಮಶಾನದಿಂದ ಬರುವ ದಾರಿಯಲ್ಲಿ ಯಾರೋ, ಈಗಲಾದರೂ ಹೆಸರು ಬರೆಸಬಾರದೇ ಎಂದರು. ಎವೆಲಿಯೊ ಕಣ್ಣೊರೆಸಿಕೊಳ್ಳುತ್ತಲೇ, ಬೇಡ, ಚೆಂಡು ತಗಲಿತ್ತು ಎಂದ.